ಅಕ್ಕನ ಹಿಮ್ಮಡಿ, ಅಂಗಡಿಯ ಕನ್ನಡಿ

ನನ್ನ ಅಕ್ಕನ ಎಡಗಾಲು ಎರಡು ಇಂಚು ಗಿಡ್ಡ. ಆರು ವರ್ಷದವಳಿದ್ದಾಗ ಬಿದ್ದು ಮೂಳೆ ಮುರಿದಿತ್ತು; ಆಮೇಲೆ ಆ ಕಾಲು ಬಲಗಾಲಿನ ಜೊತೆ ಬೆಳೆಯಲೇ ಇಲ್ಲ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ಎಲ್ಲಿಗೆ ಹೋದರೂ ಅವಳ ಎಡಗೈಯ ಭಾರ ನನ್ನ ಬಲಭುಜದ ಮೇಲೆ. ನನಗೆ ಬೇರೆ ಗೆಳತಿಯರು ಇರಲಿಲ್ಲ ಎಂದಲ್ಲ, ಇವಳು ಬಿಡುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ, ಅವಳಿಗೆ ಇಪ್ಪತ್ತೆರಡಾದಾಗ, ಬೆಂಗಳೂರಿನ ಡಾಕ್ಟರೊಬ್ಬರು ಕಾಲು ಉದ್ದ ಮಾಡುತ್ತೇನೆಂದರು. ಮೂಳೆ ಕತ್ತರಿಸಿ, ಕಾಲಿನ ಸುತ್ತ ಉಕ್ಕಿನ ಬಳೆಗಳನ್ನು ಕೂರಿಸಿದರು. ಅದರ ನಟ್ಟುಗಳನ್ನು ದಿನಕ್ಕೆ ನಾಲ್ಕು ಸಲ ಒಂದಿಷ್ಟೇ ತಿರುಗಿಸಬೇಕು. ಪವರ್‌ಲೂಮಿನ ನಟ್ಟುಬೋಲ್ಟುಗಳಲ್ಲೇ ಆಯುಸ್ಸು ಕಳೆದ ಅಪ್ಪ ಆ ಕೆಲಸ ತಾವೇ ವಹಿಸಿಕೊಂಡರು. ಮಗ್ಗವನ್ನು ಬೈದುಕೊಂಡೇ ಸ್ಪ್ಯಾನರ್ ತಿರುಗಿಸುವ ಮನುಷ್ಯ, ಮಗಳ ಕಾಲಿನ ಮುಂದೆ ಕೂತರೆ ಉಸಿರು ಕೂಡ ಬಿಡುತ್ತಿರಲಿಲ್ಲ.

ಎಂಟು ತಿಂಗಳಿಗೆ ಬಳೆ ತೆಗೆದಾಗ ಎರಡು ಕಾಲೂ ಸಮ. ಆದರೆ ಹಿಮ್ಮಡಿ ನೆಲ ಮುಟ್ಟಲೊಲ್ಲದು. ಮೂಳೆ ಬೆಳೆದಷ್ಟು ಸ್ನಾಯು ಬೆಳೆಯದೆ ಪಾದ ತುದಿಗಾಲಲ್ಲೇ ನಿಂತುಬಿಟ್ಟಿತ್ತು. ಸೀರೆ ಅಂಚಿನ ತುಂಡೊಂದನ್ನು ಪಾದಕ್ಕೆ ಸುತ್ತಿ ನಾನು ಬೆಳಿಗ್ಗೆ ಸಂಜೆ ಎಳೆದೆ.

"ಸಾಯಿಸ್ಬಿಡ್ತೀಯೇನೇ?"

"ಹೂಂ, ಹಿಮ್ಮಡಿ ಊರಿ ಆಮೇಲೆ ಸಾಯಿ" ಎಂದೆ.

ನಾಲ್ಕು ತಿಂಗಳಿಗೆ ಹಿಮ್ಮಡಿ ಊರಿತು. ಕುಂಟು ಮಾತ್ರ ಹೋಗಲಿಲ್ಲ. ಕಾಲು ಸಮವಾದರೂ ಅವಳು ಎಡಕ್ಕೆ ವಾಲಿಯೇ ನಡೆಯುತ್ತಿದ್ದಳು. ಮೈಗೆ ಅದೇ ಅಭ್ಯಾಸವಾಗಿದೆ, ಕನ್ನಡಿ ನೋಡಿಕೊಂಡು ನಡೆಯಲಿ ಎಂದರು ಡಾಕ್ಟರು.

"ಇದೆಲ್ಲಾ ಮದುವೆಗಲ್ಲ ಕಣೇ" ಎಂದಳು ಅಕ್ಕ. "ಯಾರೂ ತಿರುಗಿ ನೋಡ್ದಂಗೆ ಬೀದೀಲಿ ಒಂದ್ಸಲ ನಡೀಬೇಕು. ಅಷ್ಟೇ."

ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಆಳೆತ್ತರದ್ದು ಇದ್ದದ್ದು ನಾವು ಸೀರೆ ಕೊಡುತ್ತಿದ್ದ ಅಂಗಡಿಯಲ್ಲಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಬನ್ನಿ ಎಂದರು ಮಾಲೀಕರು. ಅಕ್ಕ ಬಾಗಿಲಿಂದ ಕನ್ನಡಿಯವರೆಗೆ ನಡೆಯುವುದು, ನಾನು ಗಾದಿಯ ಮೇಲೆ ಕೂತು ತಪ್ಪು ಹುಡುಕುವುದು. "ಎಡಕ್ಕೆ ವಾಲ್ದೆ ನೋಡು." "ಮತ್ತೆ ವಾಲ್ದೆ." ಎಷ್ಟೋ ಮಧ್ಯಾಹ್ನ ಅವಳು ಅತ್ತಿದ್ದಾಳೆ, ನಾನು ಬಿಟ್ಟಿಲ್ಲ. ಎರಡು ತಿಂಗಳಾದ ಮೇಲೆ ಒಂದು ದಿನ ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಖುಷಿಗೆ ಗಾದಿಯಿಂದ ಎದ್ದುಬಿಟ್ಟೆ.

"ನೀನೂ ಬಾ, ಜೊತೇಲಿ ನಡೆಯೋಣ" ಎಂದಳು. ಭುಜ ಹಿಡಿಯದೆ ನನ್ನ ಪಕ್ಕದಲ್ಲಿ ನಡೆದಳು. ಅಷ್ಟರಲ್ಲಿ ಸಮೇತನಹಳ್ಳಿಯಿಂದ ಮದುವೆ ಸೀರೆಗೆಂದು ಬಂದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದರು.

"ಅಯ್ಯೋ ಪಾಪ, ಯಾವ ಕಾಲಮ್ಮಾ?" ಎಂದು ಕೇಳಿದರು, ನನ್ನನ್ನು.

ಕನ್ನಡಿ ನೋಡಿದೆ. ಅಕ್ಕನ ಎರಡೂ ಭುಜ ಸಮ. ನನ್ನ ಬಲಭುಜ ಇಳಿದುಹೋಗಿತ್ತು. ಹೆಜ್ಜೆಗೊಮ್ಮೆ ನಾನು ಆ ಕಡೆಗೆ ಕುಸಿಯುತ್ತಿದ್ದೆ. ಹದಿನೈದು ವರ್ಷ ಹೀಗೇ ನಡೆದಿದ್ದೆ, ನನಗೇ ಗೊತ್ತಿರಲಿಲ್ಲ.

"ಎರಡೂ ಸರಿಯಾಗೇ ಇವೆ" ಎಂದು ಆಕೆಯ ಮೇಲೆ ರೇಗಿದೆ.

ಅಕ್ಕ ಮೊದಲು ನಕ್ಕಳು. ಆಮೇಲೆ ನನ್ನ ಭುಜವನ್ನೇ ನೋಡಿದಳು. ಅವಳ ಕಣ್ಣು ತುಂಬಿತ್ತು. ಸೀದಾ ಹೋಗಿ ಗಾದಿಯ ಮೇಲೆ ನನ್ನ ಜಾಗದಲ್ಲಿ ಕೂತಳು.

"ಬಾಗಿಲಿಂದ ಶುರು ಮಾಡು" ಎಂದಳು. "ನಾನು ನೋಡ್ತೀನಿ."