ಮೂರನೇ ಕೂಗಿಗೆ ಕಾಯದವಳು

ನಾನು ಹಾಜರಿ ಕರೆಯುವಾಗ ಅಡುಗೆಮನೆಯಿಂದ "ಓ" ಅನ್ನುತ್ತಿದ್ದ ಕೊಲ್ಲಾಪುರಮ್ಮನ ಮೇಲೆ ನನಗೆ ಮೊದಮೊದಲು ಎಷ್ಟು ಸಿಟ್ಟಿತ್ತೆಂದರೆ, ಅವಳ ಸಾಂಬಾರು ಚೆನ್ನಾಗಿದ್ದರೂ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುವುದು. ಮಧುಗಿರಿಯಿಂದ ಬಸ್ಸು ಹಿಡಿದು ಶಿರಾದಲ್ಲಿ ಇಳಿದು, ಮತ್ತೊಂದು ಬಸ್ಸಿನಲ್ಲಿ ಕಳ್ಳಂಬೆಳ್ಳ ಸೇರಿ, ಅಲ್ಲಿಂದ ಆಟೋದಲ್ಲಿ ಕುಲುಕಿಸಿಕೊಂಡು ಒಂದು ಹಟ್ಟಿಯ ಶಾಲೆಗೆ ಬರುವ ಯಾರನ್ನಾದರೂ ಕೇಳಿ ನೋಡಿ, ಅವರಿಗೂ ಅಲ್ಲೇ ಇರುತ್ತದೆ.

ಹುಡುಗರ ಹೆಸರು ಕರೆದಾಗ ಅಡುಗೆಮನೆ ತೆಪ್ಪಗಿರುತ್ತಿತ್ತು. ಶಾಲೆಗೆ ಬಾರದ ಹುಡುಗಿಯ ಹೆಸರು ಕರೆದಾಗ ಮಾತ್ರ, ಕ್ಲಾಸಿನಿಂದ "ಎಸ್ ಮಿಸ್" ಬರಲಿಲ್ಲವೆಂದರೆ ಸಾಕು, ಗೋಡೆಯಾಚೆಯಿಂದ "ಓ!" ಅಂತ ದೊಡ್ಡ ದನಿ ಬರುತ್ತಿತ್ತು. ಬಿಸಿಯೂಟದ ಅಡುಗೆಯವಳು ನನ್ನನ್ನು ಅಣಕಿಸುತ್ತಿದ್ದಾಳೆ ಅಂತಲೇ ನಾನು ತಿಳಿದದ್ದು. ಆದರೆ ಮಕ್ಕಳು ಯಾರೂ ನಗುತ್ತಿರಲಿಲ್ಲ. ಬಳಪ ಬಿದ್ದರೂ ಕಿಸಕ್ಕೆನ್ನುವ ಏಳನೇ ಕ್ಲಾಸಿನ ಮಕ್ಕಳು ಆ "ಓ" ಕೇಳಿದಾಗ ತಲೆ ತಗ್ಗಿಸಿ ಕೂರುತ್ತಿದ್ದರು. ಅದನ್ನು ಕಂಡು ನನಗೆ ಒಳಗೊಳಗೇ ಭಯವಾಯಿತು.

ಒಂದು ದಿನ ಅವಳು ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾಗ ಹೋಗಿ ಎದುರಿಗೆ ಕೂತು ಕೇಳಿಯೇಬಿಟ್ಟೆ.

"ಬೈಕಳಿ ಮೇಡಮ್ಮೋರೆ," ಅಂದಳು, ಮೊರದಿಂದ ತಲೆ ಎತ್ತದೆ. "ಹೆಣ್ಣುಡ್ಗಿ ಹೆಸ್ರು ಕೂಗಿ ಯಾರೂ ಓಗೊಡ್ದಿದ್ರೆ ನಂಗೆ ಕೈಕಾಲು ಆಡಾಕಿಲ್ಲ. ನೀವು ಎಷ್ಟಾದ್ರೂ ಬೈರಿ, ನಾನು ಅನ್ನೋದೇಯ."

ಆಮೇಲೆ ಅವಳು ಹೇಳಿದ್ದು ಅರ್ಥವಾಗಬೇಕಾದರೆ ಹಟ್ಟಿಯ ಎರಡು ಕಟ್ಟಳೆ ಗೊತ್ತಿರಬೇಕು. ಹಟ್ಟಿಯ ಸುತ್ತ ಮುಳ್ಳುಬೇಲಿ. ಒಳಗೆ ಮನೆಗಳು, ಕುರಿರೊಪ್ಪ, ದೇವರ ಗುಡಿ. ಮುಟ್ಟಾದ ಹೆಣ್ಣು ಬೇಲಿಯೊಳಗೆ ಇರುವಂತಿಲ್ಲ; ಹೊರಗೆ ಸೋಗೆ ಹೊದಿಸಿದ ಗುಡ್ಲಿನಲ್ಲಿ ಇರಬೇಕು. ಅದಕ್ಕೆ ಬಾಗಿಲಿಲ್ಲ, ದೀಪವಿಲ್ಲ. ಅವಳನ್ನು ಮುಟ್ಟಿದವರೂ ಅವಳ ಜೊತೆ ಹೊರಗೇ. ಇದು ಒಂದು. ಇನ್ನೊಂದು, ದೀಪ ಹಚ್ಚಿದ ಮೇಲೆ ಬೇಲಿಯಾಚೆಯಿಂದ ಯಾರಾದರೂ ಕೂಗಿದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಓಗೊಡಬಾರದು. ಗಾಳಿ ನಮ್ಮವರ ದನಿಯಲ್ಲೇ ಕೂಗುತ್ತದೆ, ಆದರೆ ಅದಕ್ಕೆ ಮೂರನೇ ಸಲ ಕೂಗಲು ಬರುವುದಿಲ್ಲ. ಮೂರನೆಯದು ಕೇಳಿದರೆ ಮಾತ್ರ ಮನುಷ್ಯರು. ಇದನ್ನು ಕೇಳಿ ನಗುವ ಯೋಗ್ಯತೆ ನನಗಿಲ್ಲ. ಮಧುಗಿರಿಯಲ್ಲಿ ನಮ್ಮಜ್ಜಿಯೂ ಹೀಗೆಯೇ ಹೇಳುತ್ತಿದ್ದಳು, ಈಗಲೂ ಸಂಜೆ ಹೊತ್ತು ಹೊರಗಿನಿಂದ ಯಾರಾದರೂ ಕರೆದರೆ ನನ್ನ ಬಾಯಿ ತಾನಾಗಿಯೇ ತಡೆಯುತ್ತದೆ.

ಕೊಲ್ಲಾಪುರಮ್ಮನಿಗೆ ಒಬ್ಬಳೇ ಮಗಳಿದ್ದಳು, ಗಂಗಾಲಕ್ಷ್ಮಿ. ಇದೇ ಶಾಲೆಯಲ್ಲಿ ಓದುತ್ತಿದ್ದವಳು. ಒಮ್ಮೆ ಹೊರಗಾಗಿ ಗುಡ್ಲು ಸೇರಿದ್ದಳು.

"ದೀಪ ಅಚ್ಚಿ ಮುದ್ದೆ ತಿರುವ್ತಿದ್ದೆ. ಗುಡ್ಲು ಕಡಿಂದ ಅವ್ವಾ ಅಂದಂಗಾಯ್ತು. ಕೈ ನಿಲ್ಲುಸ್ದೆ. ಇನ್ನೊಂದು ಕಿತ ಅವ್ವಾ ಅಂದ್ಲು. ಹೊಸ್ಲು ತಂಕ ಬಂದು ನಿಂತ್ಕಂಡೆ ಕಣಮ್ಮ. ಮೂರ್ನೇದು ಬರ್ಲಿ, ಓ ಅನ್ನಾನ ಅಂತ ಬಾಯಿ ತೆರ್ಕಂಡೇ ನಿಂತಿದ್ದೆ. ಬರ್ಲಿಲ್ಲ. ಗಾಳಿನೇ ಸೈ ಅಂದ್ಕಂಡು ಒಳೀಕೆ ಹೋಗಿ ಮುದ್ದೆ ಕಟ್ಟಿದೆ."

ಬೆಳಿಗ್ಗೆ ಊಟ ಇಡಲು ಹೋದಾಗ ಮಗಳು ತಣ್ಣಗಾಗಿದ್ದಳು. ಹಾವು ಕಚ್ಚಿತ್ತು.

ಇಷ್ಟು ಹೇಳಿ ಕೊಲ್ಲಾಪುರಮ್ಮ ಮೊರದ ಅಕ್ಕಿ ಕೇರತೊಡಗಿದಳು. ಅಂದಿನಿಂದ ಅವಳ "ಓ"ಗೆ ನಾನು ತಕರಾರು ಮಾಡಲಿಲ್ಲ. ಅದು ಮುಗಿಯುವವರೆಗೆ ಕಾದು, ಆಮೇಲೆ ಮುಂದಿನ ಹೆಸರು ಕರೆಯುತ್ತಿದ್ದೆ.

ಆ ವರ್ಷವೇ ನಮ್ಮ ಶಾಲೆಗೆ ಅನುದಾನ ಬರುವ ಸುದ್ದಿ ಬಂತು. ಬೆಂಗಳೂರಿನ ಒಂದು ಟ್ರಸ್ಟಿನವರು "ಮಕ್ಕಳ ದನಿ, ಮಕ್ಕಳ ನೆಮ್ಮದಿ" ಅಂತ ಯೋಜನೆ ಮಾಡಿ ಕೆಲವು ಶಾಲೆಗಳನ್ನು ಆರಿಸಿದ್ದರು. ಷರತ್ತು ಒಂದೇ. ಏನು ಬೇಕೆಂದು ಮಕ್ಕಳೇ ಹೇಳಬೇಕು, ದೊಡ್ಡವರು ಬಾಯಿ ಹಾಕಬಾರದು. ನಮ್ಮ ಹೆಡ್‌ಮಾಸ್ಟರ್ ರಂಗೇಶ್ ಆ ಷರತ್ತನ್ನು ಭಕ್ತಿಯಿಂದ ಓದಿದರು. ಓದಿದ ಮರುದಿನದಿಂದಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ನಮ್ಮ ಶಾಲೆಗೆ ಮೈಕ್ ಸೆಟ್ ಬೇಕು ಮೇಡಂ" ಅಂತ ಗಿಳಿಪಾಠ ಶುರುಮಾಡಿದರು. ಪಾಪ, ಕೆಟ್ಟ ಮನುಷ್ಯರಲ್ಲ. ಆಗಸ್ಟ್ ಹದಿನೈದಕ್ಕೆ ಪ್ರತಿ ಸಲವೂ ಗಂಟಲು ಹರಿದುಕೊಂಡು ಭಾಷಣ ಮಾಡಿ ಅವರಿಗೂ ಸಾಕಾಗಿತ್ತು.

ಆ ಸಾಲಿನಲ್ಲಿ ಲಾವಣ್ಯ ಇದ್ದೂ ಇಲ್ಲದಂತಿದ್ದಳು. ಹಟ್ಟಿಯ ಯಜಮಾನ ನರಸಪ್ಪನ ಮೊಮ್ಮಗಳು ಇವಳು. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದ ವಾಚಾಳಿ. ದಸರಾ ರಜೆಯಲ್ಲಿ ದೊಡ್ಡವಳಾದಳು, ಗುಡ್ಲು ಸೇರಿ ಬಂದಳು. ಬಂದವಳು ಮಾತೇ ಆಡಲಿಲ್ಲ. ಪಕ್ಕಕ್ಕೆ ಕರೆದು ಕೇಳಿದೆ.

"ಅಲ್ಲಿ ಏನು ಕೂಗಿದ್ರೂ ಯಾರೂ ಮಾತಾಡ್ಸಲ್ಲ ಮಿಸ್. ಸುಮ್ನಿರೋದೇ ರೂಢಿ ಆಗೋಯ್ತು," ಅಂದಳು.

ಲಾವಣ್ಯ ತಿಂಗಳು ತಿಂಗಳು ಗುಡ್ಲಿಗೆ ಹೋಗತೊಡಗಿದ ಮೇಲೆ ಕೊಲ್ಲಾಪುರಮ್ಮ ಕಣ್ಣೆದುರೇ ಸೊರಗಿದಳು. ಸಾಂಬಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕುತ್ತಿದ್ದಳು. ದೀಪ ಹಚ್ಚಿದ ಮೇಲೆ ಬೇಲಿಯ ಬಳಿ ಹೋಗಿ ನಿಲ್ಲುತ್ತಾಳಂತೆ. ಗಂಡ ರಾಜಣ್ಣ ರಟ್ಟೆ ಹಿಡಿದು ಎಳೆದು ತರುತ್ತಾನಂತೆ. ಹೊರಗಿರುವವಳನ್ನು ಮುಟ್ಟಿದರೆ ಇವಳ ಅಡುಗೆ ಕೆಲಸಕ್ಕೂ ಸಂಚಕಾರ. ಇವಳ ಕೈಯಲ್ಲಿ ಹಟ್ಟಿಯ ಮಕ್ಕಳು ಉಣ್ಣುವಂತಿಲ್ಲ.

"ಕೂಗು ಕೇಳುಸ್ತೈತೆ ಮೇಡಮ್ಮೋರೆ," ಅಂದಳು ಒಂದು ಮಧ್ಯಾಹ್ನ, ತಟ್ಟೆ ತೊಳೆಯುತ್ತಾ. "ನಮ್ ಗಂಗಂದೋ ಲಾವಣ್ಯಂದೋ ತಿಳಿಯಾಕಿಲ್ಲ. ಇವ್ಳೂ ಅಂಗೇ ಹೊಂಟೋದ್ರೆ ನಾನು ಬದುಕಾಕಿಲ್ಲ."

ಆ ಹುಡುಗಿ ಆ ಗುಡ್ಲಿಗೆ ಇನ್ನೊಮ್ಮೆ ಹೋಗಬಾರದು ಅನ್ನುವುದೊಂದೇ ಕೊಲ್ಲಾಪುರಮ್ಮನ ಮೊರೆ. ಅದನ್ನು ಯಾರ ಮುಂದೆ ಹೇಳುವುದೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಟ್ರಸ್ಟಿನಿಂದ ಲೋಹಿತಾ ಅನ್ನುವ ಮೇಡಂ ಬಂದರು. ಖಾದಿ ಸೀರೆ, ಸಣ್ಣ ದನಿ, ನೆಲದ ಮೇಲೆ ಮಕ್ಕಳ ಜೊತೆಗೇ ಕೂತರು. ಮಕ್ಕಳು ಒಬ್ಬರಾದ ಮೇಲೊಬ್ಬರು ಎದ್ದು ಮೈಕ್ ಸೆಟ್ ಬೇಕು ಅಂದರು. ಒಂದು ಪುಟ್ಟ ಹುಡುಗಿ ಮಾತ್ರ ಗಾಬರಿಯಲ್ಲಿ "ಮೈಸೆಟ್" ಅಂದು ಅಳಲು ಶುರುಮಾಡಿತು. ಲೋಹಿತಾ ಮೇಡಂಗೆ ವಾಸನೆ ಬಡಿದಿರಬೇಕು. ನಕ್ಕು, "ಮಕ್ಕಳೆಲ್ಲ ಬಂದಿದ್ದಾರಾ?" ಅಂತ ಕೇಳಿದರು.

"ಎಲ್ಲಾ ಬಂದವ್ರೆ ಮೇಡಂ, ಫುಲ್ ಹಾಜರಿ," ಅಂದರು ರಂಗೇಶ್.

ನನಗೆ ತಡೆಯಲಾಗಲಿಲ್ಲ. ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು, ಆದರೂ ಅದನ್ನು ತೆರೆಯದೆ ಒಂದೇ ಹೆಸರು ಗಟ್ಟಿಯಾಗಿ ಕರೆದೆ. "ಲಾವಣ್ಯ!"

"ಓ!"

ಅಡುಗೆಮನೆಯಿಂದ ಬಂದ ಆ ದನಿಗೆ ಲೋಹಿತಾ ಮೇಡಂ ಬೆಚ್ಚಿ ತಿರುಗಿದರು. ಕೊಲ್ಲಾಪುರಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದಳು.

"ಓ ಅನ್ಬೇಕಾದೋಳು ಅಲ್ಲವ್ಳೆ," ಅಂದು ಸೌಟಿನಿಂದ ಬಯಲಿನಾಚೆ ತೋರಿಸಿದಳು. ಶಾಲೆಯ ಬಾಗಿಲಿಂದ ನೋಡಿದರೆ ಗುಡ್ಲು ನೆಟ್ಟಗೆ ಕಾಣುತ್ತದೆ. ಅದರ ಮುಂದೆ ಒಂದು ಹುಡುಗಿ ಮೊಣಕಾಲು ಕಟ್ಟಿಕೊಂಡು ನಮ್ಮ ಕಡೆಗೇ ನೋಡುತ್ತಾ ಕೂತಿತ್ತು.

ಲೋಹಿತಾ ಮೇಡಂ ಎದ್ದು ನಡೆದೇಬಿಟ್ಟರು. ಹಿಂದೆ ನಾವು, ನಮ್ಮ ಹಿಂದೆ ಮಕ್ಕಳು. ಬೇಲಿಯ ಬಾಯಲ್ಲಿ ನರಸಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ನಿನಗೇನು ಬೇಕಮ್ಮಾ?" ಅಂತ ಮೇಡಂ ಲಾವಣ್ಯಳನ್ನು ಕೇಳಿದರು.

ಲಾವಣ್ಯ ತಾತನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ದನಿ ಇಲ್ಲದ ದನಿಯಲ್ಲಿ, "ಬಾಗ್ಲು," ಅಂದಳು. "ಒಳಗಡೆಯಿಂದ ಚಿಲಕ ಹಾಕ್ಕೊಳೋ ಬಾಗ್ಲು. ಒಂದು ಲೈಟು. ಕೂಗಿದ್ರೆ ಓ ಅನ್ನೋರು ಒಬ್ರು. ಶಾಲೇಲಿ ಒಂದು ರೂಮು ಕಟ್ಸಿಕೊಡಿ ಮೇಡಂ, ಇಲ್ಲಿಗೆ ಬರೋ ಬದ್ಲು ಅಲ್ಲಿಗೆ ಬರ್ತೀವಿ."

ಲೋಹಿತಾ ಮೇಡಂ ಮುಖ ಸಣ್ಣದು ಮಾಡಿಕೊಂಡರು. ಇದಕ್ಕಾಗಿ ಕೋಣೆ ಕಟ್ಟಿಸಿದರೆ ಈ ಪದ್ಧತಿಗೇ ತಳಪಾಯ ಹಾಕಿದ ಹಾಗಾಗುತ್ತದೆ, ಅದನ್ನು ಟ್ರಸ್ಟಿನವರು ಒಪ್ಪುವುದಿಲ್ಲ ಅಂದರು. ಅವರು ಹೇಳಿದ್ದು ನಿಜ. ಈ ಪದ್ಧತಿಯನ್ನು ಕಂಡರೆ ನನಗೂ ಮೈಯೆಲ್ಲ ಉರಿಯುತ್ತದೆ. ಆದರೆ ಲಾವಣ್ಯ ಬಿಡಲಿಲ್ಲ.

"ಪದ್ಧತಿ ಹೋಗೋವರೆಗೂ ನಾನೆಲ್ಲಿ ಮಲಗ್ಲಿ ಮೇಡಂ?"

ನರಸಪ್ಪ ಗಂಟಲು ಸರಿಮಾಡಿಕೊಂಡ. "ಸ್ಕೂಲು ಅಂದ್ರೆ ಸರಸ್ವತಿ ಇರೋ ಜಾಗ. ಅಲ್ಲಿ ಮೈಲ್ಗೆ ಮಾಡುಸ್ತೀರಾ?"

"ಬೇಲಿ ಒಳ್ಗೆ ಇರ್ಬಾರ್ದು ಅಂತ ತಾನೆ ಮಾವ ಕಟ್ಟು?" ಅಂದಳು ಕೊಲ್ಲಾಪುರಮ್ಮ. "ಸ್ಕೂಲು ಬೇಲಿ ಒಳ್ಗೈತಾ?"

"ಇಲ್ಲ."

"ಮತ್ತೆ? ಹೊರ್ಗೇ ಇರ್ತಾವೆ ಮಕ್ಳು. ಸೂರಿನ ಕೆಳ್ಗೆ ಇರ್ತಾವೆ ಅಷ್ಟೇಯ."

"ಕತ್ಲಾದ್ಮೇಲೆ ಯಾರು ಕಾಯ್ತಾರೆ?"

"ನಾನು."

"ಲೇ ಕೊಲ್ಲಾಪುರಮ್ಮ, ಮುಟ್ಟುದ್ರೆ ನೀನೂ ಆಚ್ಗೇಯ. ಗ್ಯಾನ ಐತಾ?"

"ನಾನು ಒಳ್ಗೆ ಎಲ್ಲಿದ್ದೀನಿ ಮಾವ? ಗಂಗ ಹೋದಾಗ್ಲಿಂದ ಆಚ್ಗೇ ಇವ್ನಿ."

ಹೀಗೆ ಹೇಳಿ ಸೌಟನ್ನು ನನ್ನ ಕೈಗೆ ಕೊಟ್ಟಳು. ಕೊಟ್ಟವಳೇ ಹೋಗಿ ಲಾವಣ್ಯಳ ಪಕ್ಕ ಕುಕ್ಕರಗಾಲಲ್ಲಿ ಕೂತು ಅವಳ ತಲೆಯ ಮೇಲೆ ಕೈ ಇಟ್ಟಳು. ಇಡೀ ಹಟ್ಟಿ ನೋಡುತ್ತಿತ್ತು. ಲಾವಣ್ಯ ಮೊದಲು ಹಿಂದೆ ಸರಿದಳು, ಆಮೇಲೆ ಅವಳ ತೋಳಿನೊಳಗೆ ಮುಖವಿಟ್ಟು ಅತ್ತಳು. ನರಸಪ್ಪ ಕಂಬಳಿ ಎಳೆದುಕೊಂಡು ಬೇರೆ ಕಡೆ ನೋಡಿದ.

ಅಂದಿಗೆ ಅವಳ ಅಡುಗೆ ಕೆಲಸ ಮುಗಿಯಿತು. ಮರುದಿನ ಅವಳು ಬಡಿಸಿದರೆ ಮಕ್ಕಳನ್ನು ಕಳಿಸುವುದಿಲ್ಲ ಅಂತ ಹಟ್ಟಿಯವರು ಹೇಳಿ ಕಳಿಸಿದರು. ರಂಗೇಶ್ ಕೈ ಹಿಸುಕಿಕೊಂಡರೇ ಹೊರತು ತಡೆಯಲಿಲ್ಲ. ಲೋಹಿತಾ ಮೇಡಂ ಮಾತ್ರ ಹೋಗಿ ತಮ್ಮವರ ಜೊತೆ ಜಗಳ ಮಾಡಿ ಒಪ್ಪಿಸಿದರಂತೆ. ಮಕ್ಕಳನ್ನು ಕೇಳಿ, ಮಕ್ಕಳು ಹೇಳಿದ್ದನ್ನು ಬೇಡ ಅನ್ನಲು ನಮಗೇನು ಹಕ್ಕು ಅಂದರಂತೆ. ಬೇಸಿಗೆ ಮುಗಿಯುವುದರೊಳಗೆ ಶಾಲೆಯ ಹಿಂದೆ ಕೋಣೆ ಎದ್ದಿತು; ಬೇಲಿಯ ಹೊರಗೇ ಇದ್ದುದರಿಂದ ನರಸಪ್ಪನೂ ಅಡ್ಡ ಬರಲಿಲ್ಲ. ಬಾಗಿಲು, ಒಳಚಿಲಕ, ಲೈಟು, ಪಕ್ಕದಲ್ಲೇ ಬಚ್ಚಲು. ಕಾಯುವವರಿಗೆ ಸಂಬಳ ಅಂತ ಅನುದಾನದಲ್ಲಿ ಏನೂ ಇರಲಿಲ್ಲ. ಕೊಲ್ಲಾಪುರಮ್ಮ ಹಗಲು ಕಡಲೆಕಾಯಿ ಹೊಲಕ್ಕೆ ಕೂಲಿಗೆ ಹೋಗಿ, ಸಂಜೆ ಕೋಣೆಯ ಜಗಲಿಗೆ ಬಂದು ಚಾಪೆ ಹಾಸುತ್ತಾಳೆ. ಬೈದುಕೊಂಡು ತಿರುಗುತ್ತಿದ್ದ ರಾಜಣ್ಣ ಈಗ ಕುರಿ ಹೊಡೆದುಕೊಂಡು ಬರುವಾಗ ದೂರದಲ್ಲಿ ಅವಳ ಮುದ್ದೆಯ ಬುತ್ತಿ ಇಟ್ಟು ಕೆಮ್ಮಿ ಹೋಗುತ್ತಾನೆ. ಪದ್ಧತಿ ಹೋಗಿಲ್ಲ. ಹೋಯಿತು ಅಂತ ಯಾರಾದರೂ ವರದಿ ಬರೆದರೆ ನಂಬಬೇಡಿ.

ಮೊನ್ನೆ ಆಟೋ ತಪ್ಪಿಹೋಗಿ ನಾನು ಅವಳ ಜೊತೆ ಜಗಲಿಯಲ್ಲಿ ಕೂತಿದ್ದೆ. ಆಗತಾನೇ ದೀಪ ಹಚ್ಚುವ ಹೊತ್ತು. ಒಳಗೆ ಲಾವಣ್ಯ, ಇನ್ನಿಬ್ಬರು ಹುಡುಗಿಯರು. ಕೆಲಸವಿಲ್ಲದೆ "ದೊಡ್ಡಮ್ಮಾ!" ಅಂತ ಕೂಗುವರು, ಇವಳು "ಓ" ಅನ್ನುವಳು, ಅವರು ನಗುವರು. ಮತ್ತೆ ಕೂಗುವರು. ಲಾವಣ್ಯಳ ದನಿ ಎಲ್ಲರಿಗಿಂತ ಜೋರು. ಆ ಗಲಾಟೆ ಕೇಳಿ ನನ್ನ ಜೀವಕ್ಕೆ ಹಾಯೆನಿಸಿತು.

ಸ್ವಲ್ಪ ಹೊತ್ತಿಗೆ ಅವರು ಸುಮ್ಮನಾದರು. ಆಗ ಕೊಲ್ಲಾಪುರಮ್ಮ ತಟ್ಟನೆ ಎದ್ದು, ಕೋಣೆಗೆ ಬೆನ್ನು ಮಾಡಿ, ಬಯಲಿನ ಕಡೆಗೆ "ಓ!" ಅಂದಳು. ಬಯಲಿನಾಚೆ ಸೋಗೆ ಕುಸಿದ ಹಳೇ ಗುಡ್ಲು ಮಾತ್ರ ಇತ್ತು.

"ಯಾರೇ ಕರೆದದ್ದು?" ಅಂತ ನಾನು ಕಿಟಕಿಯಲ್ಲಿ ಕೇಳಿದೆ.

"ನಾವು ಕೂಗ್ಲಿಲ್ಲ ಮಿಸ್," ಅಂದಳು ಲಾವಣ್ಯ.

ಕೊಲ್ಲಾಪುರಮ್ಮ ಕಿವಿಗೊಟ್ಟು ನಿಂತಿದ್ದಳು. ಮತ್ತೊಮ್ಮೆ "ಓ!" ಅಂದಳು. ಈ ಸಲ ಇನ್ನೂ ಗಟ್ಟಿಯಾಗಿ. ಎಷ್ಟು ಕಿವಿಗೊಟ್ಟರೂ ನನಗೆ ಕೇಳಿಸಿದ್ದು ಕುರಿರೊಪ್ಪದ ಸದ್ದು ಮಾತ್ರ. ಅವಳು ನಿಧಾನವಾಗಿ ಬಂದು ಚಾಪೆಯ ಮೇಲೆ ಕೂತಳು.

"ದಿನಾ ಕೂಗ್ತಾಳೆ ಮೇಡಮ್ಮೋರೆ. ಮೊದ್ಲೇದಕ್ಕೇ ಓ ಅಂತೀನಿ. ಆದ್ರೂ ಎರಡ್ನೇದು ಕೂಗ್ತಾಳೆ," ಅಂದಳು. "ನಮ್ಮವ್ವ ಓ ಅಂತಾಳೆ ಅಂತ ಅವ್ಳಿಗಿನ್ನೂ ನಂಬ್ಕೆ ಬಂದಿಲ್ಲ."

ನಾನು ಅವಳ ಕೈ ಹಿಡಿದುಕೊಂಡೆ, ಅಷ್ಟೆ. ಒಳಗೆ ಚಿಲಕ ತೆಗೆದ ಸದ್ದಾಯಿತು. ಲಾವಣ್ಯ ಹೊರಗೆ ಬಂದು ಅವಳಿಗೆ ಒತ್ತಿಕೊಂಡು ಕೂತಳು, ಬಯಲಿನ ಕಡೆಗೇ ಮುಖ ಮಾಡಿ.