ಗೇರಿನ ಕೋಲಿಗೆ ಕಟ್ಟಿದ ಹಿಡಿಕೆ

ನನ್ನ ಸ್ಪೋರ್ಟ್ಸ್ ಕಾರನ್ನು ನಾನು ಯಾರಿಗೂ ಓಡಿಸಲು ಕೊಡುವುದಿಲ್ಲ. ಹೆಂಡತಿಯ ಅಣ್ಣನಿಗೂ ಕೊಟ್ಟಿಲ್ಲ. (ಆತ ಈಗಲೂ ಮುಖ ಕೊಟ್ಟು ಮಾತಾಡುವುದಿಲ್ಲ.) ಅಂಥ ನಾನು ಮೊನ್ನೆ ಫೋನಿನಲ್ಲಿ ಒಬ್ಬರಿಗೆ, ‘ಅದಕ್ಕೇನಂತೆ, ಭಾನುವಾರ ಬನ್ನಿ, ನೀವೇ ಓಡಿಸಿ’ ಎಂದುಬಿಟ್ಟೆ. 

ಫೋನ್ ಮಾಡಿದವರು ಹೊನ್ನಾವರದ ಶಾನಭಾಗರು. ಬಹಳ ವರ್ಷ ಬಟ್ಟೆ ಅಂಗಡಿ ನಡೆಸಿದವರು. ಈ ಕಾರನ್ನು ಆರು ವರ್ಷದ ಹಿಂದೆ ನಾನು ಕೊಂಡದ್ದು ಅವರಿಂದಲೇ. ಈಗ ಅವರ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ. ದಿನದಿಂದ ದಿನಕ್ಕೆ ಮಂಜಾಗುತ್ತಿದೆಯಂತೆ, ಡಾಕ್ಟರು ಯಾವ ಭರವಸೆಯನ್ನೂ ಕೊಟ್ಟಿಲ್ಲವಂತೆ.

‘ಕಾಣ್ತಾ ಇರುವಾಗ್ಲೇ ಒಂದು ಸಲ ಓಡ್ಸಿಬಿಡ್ತೇನೆ ಮಾಸ್ತರ್ರೇ. ರಸ್ತೆ ಮೇಲೆ ಬೇಡ. ನಿಮ್ಮ ಶಾಲೆ ಮೈದಾನದಲ್ಲಿ ಒಂದೇ ಸುತ್ತು’ ಎಂದಿದ್ದರು. ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ಆದರೆ ಒಂದು ವಿಷಯ ನನಗೆ ಮರೆತೇಹೋಗಿತ್ತು, ಫೋನ್ ಇಟ್ಟ ಮೇಲಷ್ಟೇ ನೆನಪಾಯಿತು. ಶಾನಭಾಗರ ಎಡಗಾಲು ಪೋಲಿಯೋದಿಂದಾಗಿ ಚಿಕ್ಕಂದಿನಲ್ಲೇ ಸೊರಗಿದ್ದು. ಕ್ಲಚ್ ಒತ್ತುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ಅವರು ಗೇರಿನ ಕೋಲಿಗೆ ಒಂದು ಹಿಡಿಕೆ ಕಟ್ಟಿಸಿಕೊಂಡಿದ್ದರು. ಬೈಕಿನ ಹ್ಯಾಂಡಲ್ಲಿನಲ್ಲಿ ಕ್ಲಚ್ ಹಿಡಿಕೆ ಇರುತ್ತದಲ್ಲ, ಅಂಥದ್ದೇ. ಕೈಯಿಂದ ಹಿಚುಕಿದರೆ ಒಂದು ಕೇಬಲ್ಲು ಕೆಳಗಿನ ಕ್ಲಚ್ಚನ್ನು ಎಳೆಯುತ್ತಿತ್ತು. ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವವನೊಬ್ಬ ತಲೆ ಓಡಿಸಿ ಮಾಡಿಕೊಟ್ಟದ್ದು. ಇಪ್ಪತ್ತು ವರ್ಷ ಶಾನಭಾಗರು ಅದರಲ್ಲೇ ಕಾರು ಓಡಿಸಿದರು.

ಆ ಹಿಡಿಕೆಯನ್ನು ನಾನು ತೆಗೆಸಿ ಗುಜರಿಗೆ ಹಾಕಿದ್ದೆ.

ಇಂಥ ಹವ್ಯಾಸ ಇಲ್ಲದವರಿಗೆ ಇದನ್ನು ಹೇಗೆ ವಿವರಿಸಲಿ? ಹಳೆಯ ಕಾರು ಕೊಂಡವನಿಗೆ ಮೊದಲು ಹಿಡಿಯುವ ಹುಚ್ಚು ‘ಒರಿಜಿನಲ್’ ಎಂಬುದು. ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಇರಬೇಕು. ಅದು ಆದಮೇಲೆ ಹಿಡಿಯುವುದು ‘ಅಪ್‌ಗ್ರೇಡ್’ ಎಂಬ ಎರಡನೆಯ ಹುಚ್ಚು. ನನಗೆ ಎರಡೂ ಹಿಡಿದಿದ್ದವು. ನಮ್ಮ ಕುಮಟೆಯ ಉಪ್ಪುಗಾಳಿಗೆ ಬಾಗಿಲಿನ ಅಡಿಯೆಲ್ಲ ತುಕ್ಕು ತಿಂದು ಹಪ್ಪಳವಾಗಿತ್ತು. ಅದನ್ನು ಕತ್ತರಿಸಿ ಹೊಸ ತಗಡು ಹಾಕಿಸಿದೆ. ಸೀಟು, ಸೈಲೆನ್ಸರ್, ಚಕ್ರ ಎಲ್ಲವೂ ಬದಲಾದವು. ರಜೆ ಬಂತೆಂದರೆ ಭಟ್ಕಳದ ಗ್ಯಾರೇಜಿನಲ್ಲಿ ಬಿದ್ದಿರುತ್ತಿದ್ದೆ. (ನನ್ನ ಮನೆಯವಳು ಈ ಕಾರಿಗೆ ಇಟ್ಟ ಹೆಸರು ಇಲ್ಲಿ ಬರೆಯುವಂಥದ್ದಲ್ಲ.)

ಗ್ಯಾರೇಜು ಇಕ್ಬಾಲ್ ಭಾಯಿಯದು. ದುಬೈಯಲ್ಲಿ ದೊಡ್ಡ ದೊಡ್ಡ ಕಾರುಗಳ ಹೊಟ್ಟೆ ಬಗೆದು ಬಂದ ಮನುಷ್ಯ. ಆ ಹಿಡಿಕೆ ಬಿಚ್ಚುವ ದಿನ ಸ್ಪ್ಯಾನರ್ ಬದಿಗಿಟ್ಟು ಅದನ್ನು ನಾಲ್ಕೈದು ಸಲ ಹಿಚುಕಿ ನೋಡಿದ. ಆಮೇಲೆ, ‘ಇದನ್ನ ಮಾಡಿದವ ಭಾರೀ ಬುದ್ಧಿವಂತ ಸಾರ್. ಬಿಚ್ಚಿದ್ರೂ ಇಟ್ಕೊಳ್ಳಿ’ ಎಂದ. ನಾನು ನಕ್ಕೆ. ಇಂಥ ಕಾರಿಗೆ ಈ ಹಳ್ಳಿ ರಿಪೇರಿ ಶೋಭೆಯೇ ಎಂದು ಕೇಳಿದೆ. ಅವನು ಬಿಚ್ಚತೊಡಗಿದ. ಹಳೆಯ ಸೈಲೆನ್ಸರಿನ ಜೊತೆ ಅದೂ ಗುಜರಿಯವನ ಗಾಡಿ ಹತ್ತಿತು.

ಶಾನಭಾಗರ ಫೋನ್ ಬಂದ ಮೇಲೆ ಇಕ್ಬಾಲನಿಗೇ ಫೋನ್ ಹಚ್ಚಿದೆ. ಭಾನುವಾರದೊಳಗೆ ಅಂಥದ್ದೇ ಒಂದು ಮಾಡಿಕೊಡಲು ಸಾಧ್ಯವೇ ಎಂದೆ. ಆಗುವುದಿಲ್ಲ ಎಂದ. ಹಿಡಿಕೆ ಬಿಚ್ಚಿಸಿದ ಮೇಲೆ ನಾನೇ ಹಟ ಹಿಡಿದು ರೇಸಿಂಗ್ ಕ್ಲಚ್ ಹಾಕಿಸಿಕೊಂಡಿದ್ದೆನಲ್ಲ, ಅದು ಕಲ್ಲಿನಷ್ಟು ಗಟ್ಟಿ. ಕೈಯಿಂದ ಎಳೆದರೆ ಬಗ್ಗುವ ಜಾತಿಯೇ ಅಲ್ಲ. ‘ನಾನು ಹೇಳಿದ್ದೆ ಸಾರ್’ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ನನ್ನವಳು, ಶಾನಭಾಗರು ಹೊರಡುವ ಮೊದಲೇ ಫೋನ್ ಮಾಡಿ ಇದ್ದದ್ದನ್ನು ಹೇಳಿಬಿಡಿ ಎಂದಳು. ಎರಡು ಸಲ ನಂಬರ್ ಒತ್ತಿದೆ, ಎರಡು ಸಲವೂ ಕಟ್ ಮಾಡಿದೆ. ಬಂದು ನೋಡಿ ಖುಷಿಪಟ್ಟು ಹೋಗಬಹುದು, ಓಡಿಸುವ ಮಾತು ಮರೆಯಬಹುದು ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಹೇಡಿಗಳು ಯಾವಾಗಲೂ ಹೀಗೇ ಲೆಕ್ಕ ಹಾಕುತ್ತಾರೆ.

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಆಟೊದಲ್ಲಿ ಬಂದು ಶಾಲೆಯ ಗೇಟಿನಲ್ಲಿ ಇಳಿದರು. ಶಾನಭಾಗರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಊರುಗೋಲನ್ನು ಹೆಂಡತಿಯ ಕೈಗೆ ಕೊಟ್ಟು, ಕಾರಿನ ಮೈ ಸವರುತ್ತ ಒಂದು ಸುತ್ತು ಬಂದರು. ಬಣ್ಣ ಹೊಗಳಿದರು. ಬಾಗಿಲನ್ನು ತೆಗೆದು ಮುಚ್ಚಿ ಮಾಡಿ, ಕಿರಿಕಿರಿ ಸದ್ದೇ ಇಲ್ಲವಲ್ಲ ಎಂದು ಬೆರಗಾದರು. ನಾನು ಬಾಯಿ ತೆರೆಯುವಷ್ಟರಲ್ಲಿ ಡ್ರೈವರ್ ಸೀಟಿನಲ್ಲಿ ಕುಳಿತಾಗಿತ್ತು.

ಎಡಗೈ ಸೀದಾ ಗೇರಿಗೆ ಹೋಯಿತು. ಬೆರಳುಗಳು ಕೆಳಗೆ ಮಡಚಿದವು. ಅಲ್ಲೇನೂ ಇರಲಿಲ್ಲ. ಕಣ್ಣು ಮಂಜಲ್ಲವೇ, ತನಗೇ ತಪ್ಪಿತೆಂದುಕೊಂಡು ಕೋಲಿನ ಆ ಬದಿ, ಈ ಬದಿ ತಡಕಿದರು. ಕೊನೆಗೆ ನನ್ನತ್ತ ತಿರುಗಿ, ‘ಎಲ್ಲಿಟ್ಟಿದ್ರಿ ಮಾಸ್ತರ್ರೇ?’ ಎಂದು ಕೇಳಿದರು.

ನಾನು ಒರಿಜಿನಲ್ ಕಂಡೀಶನ್ ಎಂದೆ. ರೇಸಿಂಗ್ ಕ್ಲಚ್ ಎಂದೆ. ಇನ್ನೂ ಏನೇನೋ ಬಡಬಡಿಸಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನಾಲಿಗೆ ಅವತ್ತು ನೆಟ್ಟಗೆ ಒಂದು ವಾಕ್ಯ ಆಡಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

‘ಅಡ್ಡಿಲ್ಲ, ಅಡ್ಡಿಲ್ಲ. ಗಾಡಿ ಈಗ ನಿಮ್ಮದಲ್ವಾ? ನೀವೇ ಓಡ್ಸಿ, ನಾನು ಬದಿಗೆ ಕೂತ್ಕೊಳ್ತೇನೆ.’

ಬೈದಿದ್ದರೆ ಉಸಿರಾಡಲಾದರೂ ಆಗುತ್ತಿತ್ತು.

ಹಳದೀಪುರದವರೆಗೆ ಹೋಗಿ ಬಂದೆವು. ಹೆದ್ದಾರಿ ಖಾಲಿಯಿತ್ತು. ಗಾಡಿ ಹಿಂದೆಂದೂ ಇಲ್ಲದಷ್ಟು ಚೆನ್ನಾಗಿ ಓಡಿತು, ಅದೂ ನನ್ನ ಕರ್ಮ. ಶಾನಭಾಗರು ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಆದರೆ ಇಂಜಿನ್ ಸದ್ದು ಏರಿದಾಗಲೆಲ್ಲ ಅವರ ಎಡಗೈ ತೊಡೆಯ ಮೇಲೆ ಮುಷ್ಟಿಯಾಗುತ್ತಿತ್ತು. ಅದರ ಹಿಂದೆಯೇ ನನ್ನ ಕಾಲು ಕ್ಲಚ್ಚಿಗೆ ಹೋಗುತ್ತಿತ್ತು. ಒಂದು ಸಲವೂ ಅವರ ಕೈ ತಪ್ಪಲಿಲ್ಲ. ನಾನು ಎರಡು ಸಲ ತಪ್ಪಿದೆ.

ಯೋಚಿಸಿದರೆ ಇದು ಕಾರಿನ ಮಾತಷ್ಟೇ ಅಲ್ಲ. ನಮ್ಮ ಕಡೆಯ ಮದುವೆ ಮಂಟಪವೊಂದನ್ನು ಇತ್ತೀಚೆಗೆ ಹೊಸದು ಮಾಡಿದರು. ಥಳಥಳ ಗ್ರಾನೈಟ್ ಮೆಟ್ಟಿಲು ಬಂದವು. ಬದಿಯಲ್ಲಿದ್ದ ಕಬ್ಬಿಣದ ಪೈಪು ಫೋಟೊದಲ್ಲಿ ಅಸಹ್ಯವಾಗಿ ಕಾಣುತ್ತದೆಂದು ಕಿತ್ತರು. ಆ ಪೈಪು ಯಾರ ಮಂಡಿನೋವಿಗೆ ಆಸರೆಯಾಗಿತ್ತೋ, ಅವರೀಗ ಊಟಕ್ಕೆ ಬರುವುದನ್ನೇ ಬಿಟ್ಟಿರಬಹುದು. ಮಂಟಪದವರನ್ನು ಬೈದು ಈ ಅಂಕಣದಲ್ಲೇ ಬರೆಯಬೇಕೆಂದಿದ್ದೆ. ಇನ್ನು ಯಾವ ಬಾಯಲ್ಲಿ ಬೈಯಲಿ? ನಮಗೆ ಬೇಡವಾದದ್ದೆಲ್ಲ ನಮ್ಮ ಕಣ್ಣಿಗೆ ಕಸ.

ಹೊರಡುವಾಗ ಶಾನಭಾಗರು ನನ್ನ ಕೈ ಕುಲುಕಿದರು. ಆ ಹಿಡಿತಕ್ಕೆ ಬೆರಳು ನೊಂದವು. ಅವರು ಆಟೊ ಹತ್ತಿದ ಮೇಲೆ ಅವರ ಹೆಂಡತಿ ಹಿಂದೆ ಉಳಿದು, ತಗ್ಗಿದ ದನಿಯಲ್ಲಿ ಹೇಳಿದರು: ‘ನೀವು ಬನ್ನಿ ಅಂದ ದಿನದಿಂದ ರಬ್ಬರ್ ಚೆಂಡು ಹಿಚುಕ್ತಾ ಇದ್ರು. ಊಟಕ್ಕೆ ಕೂತ್ರೂ ಬಿಡ್ಲಿಲ್ಲ. ಕೈಗೆ ಬಲ ಸಾಲದಿದ್ರೆ ಎಂತ ಮಾಡೋದು ಅಂತ ಅದೊಂದೇ ಹೆದರಿಕೆ ಅವರಿಗೆ.’

ಕಂಪನಿಯಿಂದ ಬಂದ ಹಾಗೇ ಮಾಡಿದ್ದೇನೆ ಎಂದು ಆರು ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ; ಕಂಪನಿಯಿಂದ ಬಂದ ಹಾಗಿದ್ದ ಕಾರನ್ನು ಶಾನಭಾಗರು ಒಂದು ದಿನವಾದರೂ ಓಡಿಸಲು ಆಗುತ್ತಿತ್ತೇ?