ಪೂಜೆಗೆಂದು ತೊಳೆದ ಬಿಲ್ಲೆ

ನನ್ನ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ಅದು ಹೊಳೆಯಲೇಬಾರದಿತ್ತು. ಅಂಗೈಯಗಲದ ಆ ತಾಮ್ರದ ಬಿಲ್ಲೆಗೆ ಯಾರೋ ಕುಂಕುಮ ಹಚ್ಚಿ, ಸೇವಂತಿಗೆ ಮುಡಿಸಿ, ಲೇತಿನ ಪಕ್ಕ ಮಣೆಯ ಮೇಲೆ ಕೂರಿಸಿದ್ದರು. ಮುಳಬಾಗಿಲಿನಲ್ಲಿ ಅದು ನನ್ನ ಮೊದಲ ಆಯುಧಪೂಜೆ.

ಈ ಬಿಲ್ಲೆಯ ವಿಷಯ ನಿಮಗೆ ಹೇಳಬೇಕು. ಅದು ಸ್ಪಂಜಿನಂತೆ ಮೈತುಂಬ ತೂತಿರುವ ಲೋಹ. ತೂತುಗಳಲ್ಲಿ ಕಬ್ಬಿಣದ ನುಣ್ಣನೆ ಪುಡಿ ಬೆರೆಸಿದ ಕಪ್ಪು ಎಣ್ಣೆ ತುಂಬುತ್ತೇವೆ. ಸುತ್ತಲಿನ ತಂತಿಸುರುಳಿಗೆ ಕರೆಂಟು ಕೊಟ್ಟರೆ, ಅಯಸ್ಕಾಂತದ ಸೆಳೆತಕ್ಕೆ ಎಣ್ಣೆ ಹೊರಬಂದು ಗಟ್ಟಿಯಾಗಿ, ಯಂತ್ರದ ನಡುಗುವ ದಂಡವನ್ನು ಹಿಡಿದುಕೊಳ್ಳುತ್ತದೆ. ಕಲ್ಲು ಕೊಯ್ಯುವ ಯಂತ್ರಗಳ ನಡುಕ ತಗ್ಗಿಸಲು ನಮ್ಮ ಸಣ್ಣ ವರ್ಕ್‌ಶಾಪು ಇದನ್ನು ಮಾಡುತ್ತಿದೆ. ಮರುದಿನ, ವಿಜಯದಶಮಿಯ ಬೆಳಿಗ್ಗೆ, ಕೋಲಾರದ ಗಿರಾಕಿ ನೋಡಲು ಬರುವವರಿದ್ದರು. ಅವರು ಒಪ್ಪಿದರೆ ನನ್ನ ಕೆಲಸ ಕಾಯಂ. ಗಂಡ ಮತ್ತು ಮಗಳು ಮೇಘಾ ಧಾರವಾಡ ಬಿಟ್ಟು ಇಲ್ಲಿಗೆ ಬರುತ್ತಾರೆ. ಒಪ್ಪದಿದ್ದರೆ ನಾನೇ ಗಂಟುಮೂಟೆ ಕಟ್ಟಬೇಕು.

ಬಂದ ಹೊಸದರಲ್ಲಿ ನಂಗಲಿ ಕಡೆ ಹೋಗುವ ಲಾರಿಗಳಿಗೆ ಬಾಡಿಗೆ ಮನೆಯ ಗೋಡೆ ಅದುರುತ್ತಿತ್ತು, ಜೊತೆಗೆ ನಾನೂ. ಧಾರವಾಡದಲ್ಲಿ ಕಟಕಟ ಮುರಿಯುವ ರೊಟ್ಟಿ. ಇಲ್ಲಿ ಅಗಿಯದೆ ನುಂಗುವ ಮುದ್ದೆ. ಅಂಗಡಿಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ. ಭಾನುವಾರ ಬಂತೆಂದರೆ ಅಳು ಬರುತ್ತಿತ್ತು. ಆಗ ಜೊತೆಯಾದವಳು ವರ್ಕ್‌ಶಾಪಿನಲ್ಲಿ ಬಿಡಿಭಾಗ ಜೋಡಿಸುವ ತಾಯಲೂರಿನ ರತ್ನಮ್ಮ. ‘ಪರ್ವಾಲೇದು’, ಅಂದರೆ ಪರವಾಗಿಲ್ಲ, ಎನ್ನಲು ಕಲಿಸಿದವಳು. ನಾನು ಮೊದಲ ಸಲ ಇಡೀ ಮುದ್ದೆ ಮುಗಿಸಿದ್ದನ್ನು ಊರಿಗೆಲ್ಲ ಸಾರಿದವಳೂ ಅವಳೇ.

ಈಗ ಬಿಲ್ಲೆ ತೊಳೆದವಳೂ ಅವಳೇ.

“ಮಸಿಮಸಿ ಆಗಿತ್ತು ಕಣಮ್ಮ. ನಿಂದೂ ಪೂಜೇಲಿರ್ಲಿ ಅಂತ ಸೀಮೆಎಣ್ಣೇಲಿ ನೆನ್ಸಿ ಗಾಳಿ ಹೊಡೆದ್ಬಿಟ್ಟೆ. ತಪ್ಪಾಯ್ತಾ?”

ಸಿಟ್ಟು ನೆತ್ತಿಗೇರಿತು. ಆದರೆ ನಮ್ಮಲ್ಲೂ ಆಯುಧಪೂಜೆಯ ದಿನ ಖಂಡೆ ಪೂಜೆಗೆ ಹತಾರಗಳನ್ನು ತೊಳೆದೇ ಇಡುತ್ತೇವೆ. ಬೈಯಲು ಬಾಯಿ ಬರಲಿಲ್ಲ. ಮತ್ತೆ ಎಣ್ಣೆ ತುಂಬಬೇಕಿತ್ತು, ಆದರೆ ತೂತುಗಳೊಳಗಿನ ಗಾಳಿ ತೆಗೆಯದೆ ಅದು ಇಳಿಯದು. ಗಾಳಿ ಎಳೆಯುವ ಪಂಪಿಗೂ ಆಗಲೇ ಹಾರ ಬಿದ್ದಿತ್ತು. ಸ್ವಿಚ್ಚಿಗೆ ಕೈ ಚಾಚಿದೆ.

“ಬ್ಯಾಡಮ್ಮ! ಪೂಜೆಗಿಟ್ಟ ಮಷಿನ್ನ ನಾಳೆ ಯಜಮಾನ್ರು ಕಾಯಿ ಒಡೆದ್ಮೇಲೇನೇ ಮುಟ್ಟೋದು. ಯಾರ ಕೈಗಾದ್ರೂ ಗಾಯ ಆದ್ರೆ ಹೊರಗ್ನಿಂದ ಬಂದೋಳು ನೀನು, ನಿನ್ ಮೇಲೇ ಹಾಕ್ತಾರೆ.”

ನಾನು ಹೆದರಿದ್ದು ದೇವರಿಗಲ್ಲ, ಆ ಮಾತಿಗೆ. ಕೈ ಹಿಂತೆಗೆದೆ. ಬಿಲ್ಲೆಯನ್ನು ಮಾತ್ರ, ತಾನಿಟ್ಟಿದ್ದನ್ನು ತಾನೇ ತೆಗೆಯುತ್ತೇನೆಂದು ರತ್ನಮ್ಮ ಕೈಮುಗಿದು ಮಣೆಯಿಂದ ಎತ್ತಿಕೊಟ್ಟಳು.

ಉಳಿದ ದಾರಿ ಬಿಸಿ ಮಾಡುವುದು. ಬಿಸಿಗೆ ಗಾಳಿ ಹಿಗ್ಗಿ ಹೊರಬರುತ್ತದೆ. ಎಣ್ಣೆಯಲ್ಲೇ ಆರಲು ಬಿಟ್ಟರೆ ಆ ಜಾಗಕ್ಕೆ ಎಣ್ಣೆ ಸೇರುತ್ತದೆ. ಉಳಿದಿದ್ದು ಒಂದೇ ಡಬ್ಬಿ ಎಣ್ಣೆ, ಅದು ಕೆಟ್ಟರೆ ಕಥೆ ಮುಗಿಯಿತು. ನನ್ನ ಅಡುಗೆಮನೆಯಲ್ಲಿ ಕುದಿಯುವ ನೀರಿನ ಪಾತ್ರೆಯೊಳಗೆ ಎಣ್ಣೆಯ ಪಾತ್ರೆ ಇಟ್ಟು, ಬಿಲ್ಲೆ ಮುಳುಗಿಸಿದೆವು. ಬುಳುಬುಳು ಗುಳ್ಳೆ ಎದ್ದವು. ಆರಿಸಿದೆವು, ಮತ್ತೆ ಕಾಯಿಸಿದೆವು. ಹಬ್ಬದ ಅಡುಗೆ ಬಿಟ್ಟು ಬಂದ ರತ್ನಮ್ಮ ಪಾತ್ರೆಯಿಂದ ಕಣ್ಣು ಕೀಳಲಿಲ್ಲ. ಗುಳ್ಳೆ ನಿಂತಾಗ ಕತ್ತಲಾಗುತ್ತಿತ್ತು. ಒಳಗೆ ಎಷ್ಟು ಎಣ್ಣೆ ಸೇರಿದೆಯೋ ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಯಜಮಾನರು ಕಾಯಿ ಒಡೆದರು. ಗಿರಾಕಿಯ ಮುಂದೆ, ಬಿಲ್ಲೆ ಜೋಡಿಸಿದ ಯಂತ್ರ ಗಡಗಡ ನಡುಗತೊಡಗಿತು. ಬಿಲ್ಲೆಯ ಸುರುಳಿಗೆ ಕರೆಂಟು ಕೊಟ್ಟೆ. ಏನೂ ಆಗಲಿಲ್ಲ. ರತ್ನಮ್ಮ ನನ್ನ ರಟ್ಟೆ ಹಿಡಿದಳು. ಆಮೇಲೆ ಸದ್ದು ಇಳಿಯಿತು, ನಡುಕ ಇಳಿಯಿತು. ಗಿರಾಕಿ ಯಂತ್ರದ ಮೇಲೆ ಕೈಯಿಟ್ಟು ನೋಡಿ ತಲೆಯಾಡಿಸಿದರು.

“ಇನ್ನೇನಮ್ಮ, ನಿಮ್ಮೋರ್ನೆಲ್ಲ ಕರೆಸ್ಕೊಂಬಿಡು,” ಎಂದರು ಯಜಮಾನರು.

ಓಡಿ ಹೊರಗೆ ಬಂದು ಮನೆಗೆ ಫೋನು ಮಾಡಿದೆ. ಎತ್ತಿದವಳು ಮೇಘಾ.

“ಪಾಸಾತೇನವ್ವಾ?”

“ಆತು ಪುಟ್ಟಾ!”

ಹಿಂದೆ ಬನ್ನಿ ಹಂಚುವ ಗೆಳತಿಯರ ಗಲಾಟೆ ಕೇಳುತ್ತಿತ್ತು.

“ಹಂಗಾದ್ರ ನಾ ಇಲ್ಲಿ ಸಾಲಿ ಬಿಟ್ಟು ಬರಬೇಕಲ್ಲ,” ಎಂದಳು ಕೊನೆಗೆ. “ನಿನ್ನ ಮಷಿನ್ ಕೆಡ್ಲಿ ಅಂತ ದಿನಾ ಬನ್ನಿ ಗಿಡಕ್ಕ ಬೇಡ್ಕೊಂಡಿದ್ದೆ.”

ಆ ಗಿಡಕ್ಕೆ ಕೈಮುಗಿದು ಬೇಡಿಕೊಳ್ಳುವುದನ್ನು ಅವಳಿಗೆ ಕಲಿಸಿದವಳು ನಾನೇ.